‘ನಿನ್ನನ್ನ ಯಾರು ಕಳಿಸಿದ್ದು?’ ಅನ್ನೋದು ಆರನೇ ಪ್ಯಾರಾದಲ್ಲಿ ಯಾಕಿದೆ?

ಅಮೆರಿಕದ ರಾಜಕಾರಣಿ, ನ್ಯಾಯಾಧೀಶ ಆಬ್ನರ್ ಮಿಕ್ವಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಇಸವಿಗಳು ಸರಿ ಇವೆ, ಕಾಗುಣಿತ ಚೊಕ್ಕವಾಗಿದೆ, ಸಂತೋಷ. ಆದರೆ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ನಿಮ್ಮ ಮೊದಲ ಸಾಲು: ‘ಸಂಸದರಾಗಿ ಸೇವೆ ಸಲ್ಲಿಸಿ, ಫೆಡರಲ್ ನ್ಯಾಯಾಧೀಶರ ಹುದ್ದೆಯನ್ನು ಅಲಂಕರಿಸಿದ ಧೀಮಂತ ವ್ಯಕ್ತಿ.’ ಹುದ್ದೆ ಏನು ಮದುವೆ ಮಂಟಪವಾ, ಅಲಂಕರಿಸೋಕೆ? ಐದು ಪ್ಯಾರಾ ಹೀಗೇ ನಡೆದು, ಆರನೆಯದರಲ್ಲಿ ನಿಜವಾದ ಕಥೆ ಬರುತ್ತದೆ. 1948, ಶಿಕಾಗೊ. ಲಾ ಓದುತ್ತಿದ್ದ ಹುಡುಗ ಮಿಕ್ವಾ ಚುನಾವಣೆ ಕೆಲಸ ಮಾಡ್ತೀನಿ ಅಂತ ಡೆಮಾಕ್ರಟಿಕ್ ಪಕ್ಷದ ವಾರ್ಡ್ ಕಚೇರಿಗೆ ಹೋಗುತ್ತಾನೆ. ಯಾರು ಕಳಿಸಿದ್ದು ಅಂತ ಕೇಳುತ್ತಾರೆ. ಯಾರೂ ಇಲ್ಲ ಅನ್ನುತ್ತಾನೆ. ಅದಕ್ಕೆ ಬಂದ ಉತ್ತರವನ್ನು ನೀವು ಬರೆದದ್ದು: ‘ಯಾರಿಂದಲೂ ಕಳುಹಿಸಲ್ಪಡದ ಯಾವ ವ್ಯಕ್ತಿಯನ್ನೂ ನಾವು ಬಯಸುವುದಿಲ್ಲ.’ ಸಿಗಾರ್ ಕಚ್ಚಿಕೊಂಡು ಕೂತ ಪುಢಾರಿ ‘ಕಳುಹಿಸಲ್ಪಡದ’ ಅಂತಾನಾ? ‘ಯಾರೂ ಕಳಿಸದೆ ಬಂದೋನು ನಮಗೆ ಬೇಡ’ ಅಂತಾನೆ, ಅಲ್ವಾ?

ನಾನೂ ಇದೇ ತಪ್ಪು ಮಾಡಿದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮಾಜಿ ಶಾಸಕರ ಬಗ್ಗೆ ಬರೆದಿದ್ದೆ, ತುಂಬಾ ‘ಅಲಂಕರಿಸಿ’. ವಯಸ್ಸಾದ ಉಪಸಂಪಾದಕರೊಬ್ಬರು ಅದನ್ನು ಮೈಕ್ ಮುಂದೆ ನಿಂತವರ ದನಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದರು. ಆಮೇಲೆ ಮೆಲ್ಲಗೆ, ‘ಈ ಮನುಷ್ಯ ಯಾವತ್ತೂ ಸೋತಿಲ್ವೇನಯ್ಯಾ?’ ಅಂದರು. ಎರಡು ಸಲ ಸೋತಿದ್ದರು, ನಾನೇ ಬಿಟ್ಟಿದ್ದೆ. ‘ಸೋತ ರಾತ್ರಿ ಊಟ ಮಾಡಿದ್ರಾ, ಕೇಳ್ಕೊಂಡು ಬಾ.’ ಮತ್ತೆ ಬಸ್ಸು ಹತ್ತಿದೆ.

ಮಿಕ್ವಾ ಕೂಡ 1972ರ ಸಂಸತ್ ಚುನಾವಣೆಯಲ್ಲಿ ಸೋತರು. ನಿಮ್ಮಲ್ಲಿ ಅದಿಲ್ಲ. ‘1979ರಲ್ಲಿ ನ್ಯಾಯಾಧೀಶರಾಗಿ ನೇಮಕಗೊಂಡರು’ ಅಂತ ಮೂರೇ ಪದದಲ್ಲಿ ಮುಗಿಸಿದ್ದೀರಿ. ಅಧ್ಯಕ್ಷ ಕಾರ್ಟರ್ ಹೆಸರು ಸೂಚಿಸಿದ ಕೂಡಲೇ ಬಂದೂಕು ಲಾಬಿ ತಿರುಗಿಬಿತ್ತು, ಯಾಕೆಂದರೆ ಈ ಮನುಷ್ಯ ಸಂಸತ್ತಿನಲ್ಲಿ ಕೈಬಂದೂಕಿಗೆ ಕಡಿವಾಣ ಬೇಕು ಅಂತ ವಾದಿಸಿದ್ದವರು. ಸೆನೆಟ್‌ನಲ್ಲಿ 58–31ರಲ್ಲಿ ಗೆದ್ದರು. ಅಲ್ಲಿಗೂ ಮುಗಿಯಲಿಲ್ಲ: ಇವರು ಸಂಸತ್ ಸದಸ್ಯರಾಗಿದ್ದ ಅವಧಿಯಲ್ಲೇ ನ್ಯಾಯಾಧೀಶರ ಸಂಬಳ ಏರಿದೆ, ಹಾಗೆ ಸಂಬಳ ಏರಿದ ಹುದ್ದೆಗೆ ಅದೇ ಸದಸ್ಯರು ಹೋಗೋದನ್ನ ಸಂವಿಧಾನ ತಡೆಯುತ್ತೆ, ಆದ್ದರಿಂದ ನೇಮಕವೇ ಅಸಿಂಧು ಅಂತ ಇಡಾಹೊದ ಸೆನೆಟರ್ ಜೇಮ್ಸ್ ಮೆಕ್ಲೂರ್ ಕೋರ್ಟಿಗೆ ಹೋದರು! ಈ ದಾವೆ ಹೂಡುವ ಹಕ್ಕೇ ನಿಮಗಿಲ್ಲ ಅಂತ ಕೋರ್ಟು ವಾಪಸ್ ಕಳಿಸಿತು. ಇಷ್ಟೆಲ್ಲ ‘ನೇಮಕಗೊಂಡರು’ ಅನ್ನೋದರ ಒಳಗೆ ಸುಮ್ನೆ ಕೂತಿದೆ.

ಆರನೇ ಪ್ಯಾರಾ ಮೇಲಕ್ಕೆ ತನ್ನಿ. ಈ ಜಗಳಕ್ಕೆ ಜಾಸ್ತಿ ಜಾಗ ಕೊಡಿ. 2014ರಲ್ಲಿ ಸಿಕ್ಕ ‘ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ’ ಪದಕಕ್ಕೆ ಒಂದು ಸಾಲು ಸಾಕು. ಹದಿನೈದು ದಿನ ಬಿಟ್ಟು ಮತ್ತೆ ಕಳಿಸಿ, ‘ಧೀಮಂತ’ವನ್ನು ಮನೆಯಲ್ಲೇ ಬಿಟ್ಟು.