ಹೀಟಿಂಗ್ ಉಳಿಸಬೇಕಾ? ಮೊದಲು ಕಿಟಕಿ ತೆಗೆಯಿರಿ

ಇಂಗ್ಲೆಂಡಿನಲ್ಲಿ ಹಳೇ ಬಾಡಿಗೆ ಮನೆ, ಚಿಕ್ಕ ಮಗು, ಗ್ಯಾಸ್ ಬಿಲ್ಲಿನ ಭಯ. ಗಾಳಿ ಬರುವ ಸಂದುಗಳನ್ನೆಲ್ಲ ಮುಚ್ಚಿ, ಸೆಂಟ್ರಲ್ ಹೀಟಿಂಗ್ (ಗ್ಯಾಸ್ ಬಾಯ್ಲರಿನ ಬಿಸಿನೀರು ಕೋಣೆಕೋಣೆಯ ರೇಡಿಯೇಟರಿಗೆ ಹೋಗಿ ಇಡೀ ಮನೆ ಕಾಯಿಸುವುದು) ಬಂದ್ ಮಾಡಿ, ಒಂದೇ ಒಂದು ಎಲೆಕ್ಟ್ರಿಕ್ ಹೀಟರಿನಲ್ಲಿ ಚಳಿಗಾಲ ಕಳೆಯಬಹುದಾ, ಯಾವ ಹೀಟರ್ ಒಳ್ಳೆಯದು ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. 2022ರ ಚಳಿಗಾಲದಲ್ಲಿ ಲೀಡ್ಸ್‌ನಲ್ಲಿ ನಾವು ಮಾಡಿದ್ದು ಅಕ್ಷರಶಃ ಇದನ್ನೇ. ಹೀಟರಿನ ಹೆಸರು ನಾನು ಹೇಳುವುದಿಲ್ಲ. ನಮಗೇನಾಯಿತು ಅಂತ ಹೇಳುತ್ತೇನೆ.

ಆ ವರ್ಷ ಇಲ್ಲಿದ್ದವರಿಗೆ ನೆನಪಿರುತ್ತದೆ. ಅಕ್ಟೋಬರ್‌ನಲ್ಲಿ ಸರ್ಕಾರ ದರಕ್ಕೆ ಮಿತಿ ಹಾಕಿತು. ಹಾಕಿದ ಮೇಲೂ ಗ್ಯಾಸ್ ಯೂನಿಟ್ಟಿಗೆ ಸುಮಾರು 10 ಪೆನ್ಸ್, ಕರೆಂಟಿಗೆ 34 ಪೆನ್ಸ್. ಸಾಧಾರಣ ಮನೆಗೆ ವರ್ಷಕ್ಕೆ 2,500 ಪೌಂಡ್ ಅಂತ ಲೆಕ್ಕ ಹೇಳುತ್ತಿದ್ದರು. ನನ್ನ ಗಂಡನೊಬ್ಬರದೇ ಸಂಬಳ. ಮಗಳಿಗೆ ಆಗಿನ್ನೂ ಮೂರು ತುಂಬಿರಲಿಲ್ಲ. ನಮ್ಮದು ಸಾಲುಮನೆಯ ಕೊನೇ ಮನೆ, ನೂರು ವರ್ಷಕ್ಕೂ ಹಳೆಯದು. ಸಾಲಿನ ಮಧ್ಯದಲ್ಲಿದ್ದರೆ ಎರಡೂ ಕಡೆ ಪಕ್ಕದ ಮನೆಯವರ ಬೆಚ್ಚಗೆ ನಮಗೂ ಸಿಗುತ್ತದೆ. ಕೊನೇ ಮನೆಗೆ ಒಂದು ಇಡೀ ಗೋಡೆ ಬಯಲಿಗೆ ಮೈಯೊಡ್ಡಿ ನಿಂತಿರುತ್ತದೆ. ಮನೆ ಹಿಡಿಯುವಾಗ ಬಾಡಿಗೆ ಕಡಿಮೆ ಅನ್ನುವುದಷ್ಟೇ ಕಂಡಿತ್ತು.

ನಿಮ್ಮ ಗೋಡೆ ಎಂಥದ್ದು ಅಂತ ಹೊರಗಿನಿಂದಲೇ ನೋಡಬಹುದು. ಇಟ್ಟಿಗೆಗಳೆಲ್ಲ ಉದ್ದುದ್ದವಾಗಿಯೇ ಕಾಣುತ್ತಿದ್ದರೆ ಸಾಮಾನ್ಯವಾಗಿ ಅದು ನಡುವೆ ಟೊಳ್ಳಿರುವ ಜೋಡಿ ಗೋಡೆ. ಉದ್ದದ ಇಟ್ಟಿಗೆಗಳ ನಡುವೆ ಗಿಡ್ಡ ತುದಿಗಳೂ ಕಾಣಿಸಿದರೆ ಅದು ಗಟ್ಟಿ ಗೋಡೆ, ಒಳಗಿನ ಬಿಸಿ ಸೋರಿಕೊಂಡು ಹೋಗುತ್ತಲೇ ಇರುತ್ತದೆ. ಇಂಥ ಗೋಡೆಯ ಒಳಮೈ ಚಳಿಗಾಲದಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ನಮ್ಮದು ಈ ಎರಡನೇ ಜಾತಿ.

ಈಗ ನಾವು ಮಾಡಿದ್ದು. ಕಿಟಕಿ ಚೌಕಟ್ಟಿನ ಮೇಲ್ಭಾಗದಲ್ಲಿ ಗಾಳಿಯಾಡಲು ಒಂದು ಸಣ್ಣ ಸೀಳು ಇರುತ್ತದೆ ಅಲ್ವಾ, ಟ್ರಿಕಲ್ ವೆಂಟ್ ಅನ್ನುತ್ತಾರೆ. ಅದಕ್ಕೆಲ್ಲ ಟೇಪ್ ಹಚ್ಚಿದೆವು. ಮಲಗುವ ಕೋಣೆಯ ಗೋಡೆಯಲ್ಲಿದ್ದ ಗಾಳಿಕಿಂಡಿಗೆ ಹಳೇ ಟವೆಲ್ ತುರುಕಿದೆವು. ಬಚ್ಚಲಿನ ಫ್ಯಾನು ಬಿಸಿಯನ್ನು ಹೊರಗೆ ಎಳೆಯುತ್ತದೆ ಅಂತ ಅದರ ಸ್ವಿಚ್ಚನ್ನೇ ಆರಿಸಿಟ್ಟೆವು. ಅಡುಗೆಮನೆಯಲ್ಲಿ ಅನ್ನ, ಸಾರು, ಕುಕ್ಕರ್ ಸೀಟಿ ಎಲ್ಲದರ ಆವಿ ಒಳಗೇ. ಒಗೆದ ಬಟ್ಟೆ ಮಲಗುವ ಕೋಣೆಯ ಸ್ಟ್ಯಾಂಡಿನ ಮೇಲೆ. ಸೆಂಟ್ರಲ್ ಹೀಟಿಂಗ್ ಪೂರ್ತಿ ಬಂದ್. ಸಂಜೆ ಹೊತ್ತು ಮುಂದಿನ ಕೋಣೆಯಲ್ಲಿ ಎಣ್ಣೆ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರ್ ಒಂದು, ಅದರ ಸುತ್ತ ನಾವು ಮೂವರು.

ಇದನ್ನು ದಡ್ಡತನದಿಂದ ಮಾಡಲಿಲ್ಲ, ಊರಿನ ತಿಳಿವಳಿಕೆಯಿಂದ ಮಾಡಿದೆವು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಮಲೆನಾಡಿನ ಸಾಗರದ ಕಡೆಯವಳು. ಆಷಾಢದಲ್ಲಿ ನಮ್ಮಲ್ಲಿ ಕಿಟಕಿ ತೆಗೆದರೆ ಮನೆ ಒಣಗುವುದಿಲ್ಲ, ಇನ್ನಷ್ಟು ತೇವವಾಗುತ್ತದೆ. ಹೊರಗಿನ ಗಾಳಿಯೇ ನೀರು ಕುಡಿದು ನಿಂತಿರುತ್ತದೆ. ಹಾಗಾಗಿ ಕಿಟಕಿ ಹಾಕಿ, ಬಟ್ಟೆಯನ್ನು ಒಲೆಯ ಮೇಲಿನ ಗಳಕ್ಕೆ ಹರವುತ್ತೇವೆ. ಬೆಂಕಿಯ ಬಿಸಿಗೆ ಆವಿ ಮೇಲೆದ್ದು ಹಂಚಿನ ಸಂದಿಯಿಂದ ತಾನಾಗಿಯೇ ಆಚೆ ಹೋಗುತ್ತದೆ. ಹಂಚಿನ ಮನೆಗೆ ಕಿಟಕಿ ಹಾಕಿದರೂ ಉಸಿರಾಡಲು ದಾರಿ ಇರುತ್ತದೆ.

ಇಲ್ಲಿ ಲೆಕ್ಕ ತಿರುಗುಮುರುಗು. 20 ಡಿಗ್ರಿ ಬೆಚ್ಚಗಿರುವ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರು ಹಿಡಿಯಬಲ್ಲದು. 5 ಡಿಗ್ರಿಯ ಗಾಳಿಗೆ ಹಿಡಿಯಲಾಗುವುದು 7 ಗ್ರಾಂ ಮಾತ್ರ. ಅಂದರೆ ಹೊರಗೆ ಜಿಟಿಜಿಟಿ ಮಳೆ ಬರುತ್ತಿದ್ದರೂ ಡಿಸೆಂಬರ್‌ನ ಆ ಗಾಳಿಯಲ್ಲಿ ನೀರು ಕಡಿಮೆ. ಅದು ಒಳಗೆ ಬಂದು ಬಿಸಿಯಾದರೆ ಒಣ ಗಾಳಿಯಾಗುತ್ತದೆ. ಒಣ ಗಾಳಿ ಕಿಟಕಿಯಾಚೆ ಪುಕ್ಕಟೆ ನಿಂತಿತ್ತು. ನಾವು ಅದನ್ನು ಹೊರಗಿಟ್ಟು ಟೇಪ್ ಹಚ್ಚಿ ಕೂತಿದ್ದೆವು. ಒಂದು ಸಲ ಮಷೀನಿನಿಂದ ತೆಗೆದ ಬಟ್ಟೆಯಿಂದಲೇ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಮೂರು ಜನರ ಉಸಿರು, ಸ್ನಾನ, ಅಡುಗೆ ಬೇರೆ. ಆ ನೀರು ಎಲ್ಲೋ ಒಂದು ಕಡೆ ಕೂರಲೇಬೇಕು. ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ.

ನಮ್ಮ ಮನೆಯಲ್ಲಿ ಆ ಜಾಗ ಬೀರುವಿನ ಹಿಂದೆ ಇತ್ತು. ಕೊನೇ ಗೋಡೆಗೆ ತಾಗಿಸಿ ನಿಲ್ಲಿಸಿದ್ದ ಮರದ ಬೀರು. ಹೀಟಿಂಗ್ ಇಲ್ಲದ ಕೋಣೆ, ಗಾಳಿ ಸುಳಿಯದ ಸಂದು.

ಡಿಸೆಂಬರ್‌ನಲ್ಲಿ ಅತ್ತೆ ಊರಿಂದ ಬಂದರು. ಆ ಕೋಣೆಗೆ ಕಾಲಿಟ್ಟವರೇ, "ಇದೆಂಥ ವಾಸನೆಯೇ? ಮಳೆಗಾಲದಲ್ಲಿ ಪೆಟ್ಟಿಗೆ ಬಾಗಿಲು ತೆಗೆದ ಹಾಗಿದೆಯಲ್ಲ" ಅಂದರು. ದಿನಾ ಅಲ್ಲೇ ಮಲಗುವ ನಮ್ಮ ಮೂಗಿಗೆ ಅದು ಗೊತ್ತೇ ಆಗಿರಲಿಲ್ಲ. ನಾನೂ ಅವರೂ ಸೇರಿ ಬೀರು ಎಳೆದೆವು. ಹಿಂದಿನ ಗೋಡೆ ನೆಲದಿಂದ ಎದೆಮಟ್ಟದವರೆಗೆ ಕಪ್ಪಗಾಗಿತ್ತು. ಬೂಷ್ಟು. ಬೆರಳಿಟ್ಟರೆ ಮಸಿಯ ಹಾಗೆ ಅಂಟಿತು. ಬೀರುವಿನ ಹಿಂಬದಿಯ ತೆಳು ಹಲಗೆ ಉಬ್ಬಿ ಅಲೆಅಲೆಯಾಗಿತ್ತು. ಕೆಳಗಿನ ಅರೆಯಲ್ಲಿ ನನ್ನ ಧಾರೆ ಸೀರೆ ಇತ್ತು, ಬಿಳಿ ಪಂಚೆಯಲ್ಲಿ ಸುತ್ತಿಟ್ಟಿದ್ದು. ಪಂಚೆ ಬಿಚ್ಚಿದರೆ ಮಡಿಕೆ ಇದ್ದಲ್ಲೆಲ್ಲ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. ಜರಿ ಕಂದಿ ಹಸಿರುಗಟ್ಟಿತ್ತು. ಅತ್ತೆ ಏನೂ ಅನ್ನಲಿಲ್ಲ. ಸೀರೆಯನ್ನು ಮೆಟ್ಟಿಲ ಕಟಾಂಜನದ ಮೇಲೆ ಹರವಿದರು.

ಸೀರೆ ಹೋದರೆ ಹೋಯಿತು. ಮಗಳು ನವೆಂಬರ್‌ನಿಂದ ರಾತ್ರಿ ಕೆಮ್ಮುತ್ತಿದ್ದಳು. ನರ್ಸರಿಯಲ್ಲಿ ಎಲ್ಲ ಮಕ್ಕಳೂ ಕೆಮ್ಮುತ್ತವೆ ಅಂತ ಸುಮ್ಮನಿದ್ದೆವು. ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ಮಗು ಮಲಗುವ ಕೋಣೆಯಲ್ಲಿ ತೇವ ಇದೆಯಾ ಅಂತ. ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಹುಡುಗನ ಸಾವಿನ ಕುರಿತ ವಿಚಾರಣೆ ಮುಗಿದದ್ದು ಅದೇ 2022ರ ನವೆಂಬರ್‌ನಲ್ಲಿ. ಮನೆಯ ಬೂಷ್ಟಿನಿಂದಲೇ ಉಸಿರಾಟ ಕೆಟ್ಟು ಸಾವು ಬಂತು ಅಂತ ಅಲ್ಲಿ ತೀರ್ಮಾನವಾಯಿತು. ಸರ್ಕಾರಿ ಮತ್ತು ಸಂಘಸಂಸ್ಥೆಗಳ ಬಾಡಿಗೆ ಮನೆಗಳಿಗೆ ಅವನ ಹೆಸರಿನಲ್ಲೇ ಆಮೇಲೆ ಕಾನೂನು ಬಂತು. ಆ ಸುದ್ದಿ ನಮ್ಮ ಟಿವಿಯಲ್ಲೂ ಬರುತ್ತಿತ್ತು. ಅದು ನಮ್ಮ ಕೋಣೆಯ ವಿಷಯ ಅಂತ ನನಗೆ ಅನಿಸಲೇ ಇಲ್ಲ. ಚಿಕ್ಕ ಮಗು ಇದೆ ಅಂತ ನೀವು ಬರೆದಿದ್ದೀರಿ. ಅದಕ್ಕೇ ಇಷ್ಟುದ್ದ ಹೇಳುತ್ತಿದ್ದೇನೆ.

ದುಡ್ಡಾದರೂ ಉಳಿಯಿತಾ? ಅದೂ ಇಲ್ಲ. ಎಲೆಕ್ಟ್ರಿಕ್ ಹೀಟರ್ ಯಾವ ಕಂಪನಿಯದಾದರೂ ಒಂದು ಯೂನಿಟ್ ಕರೆಂಟಿಗೆ ಕೊಡುವುದು ಒಂದು ಯೂನಿಟ್ ಶಾಖವೇ. "ಕಡಿಮೆ ಕರೆಂಟಿನಲ್ಲಿ ಇಡೀ ಮನೆ ಬೆಚ್ಚಗೆ" ಅನ್ನುವ ಜಾಹೀರಾತು ನಂಬಬೇಡಿ. ಅದೇ ಶಾಖ ಗ್ಯಾಸ್ ಬಾಯ್ಲರಿನಿಂದ ಆಗ ಮೂರನೇ ಒಂದು ಭಾಗದ ಖರ್ಚಿಗೆ ಸಿಗುತ್ತಿತ್ತು. 2,000 ವಾಟ್ ಹೀಟರ್ ಪೂರ್ತಿ ಉರಿದರೆ ಗಂಟೆಗೆ 68 ಪೆನ್ಸ್. ದರ ಆಮೇಲೆ ಇಳಿಯಿತು, ಆದರೆ ಕರೆಂಟ್ ಗ್ಯಾಸಿಗಿಂತ ಹಲವು ಪಟ್ಟು ದುಬಾರಿ ಅನ್ನುವುದು ಬದಲಾಗಲಿಲ್ಲ. ಮನೆ ಬಿಡುವಾಗ ಡಿಪಾಸಿಟ್ಟಿನಲ್ಲಿ ಗೋಡೆ ರಿಪೇರಿಗೆ ದೊಡ್ಡ ಪಾಲು ಹಿಡಿದರು. ಡಿಪಾಸಿಟ್ ರಕ್ಷಣೆಯ ಯೋಜನೆಗೆ ದೂರು ಕೊಟ್ಟೆವು. ಅವರು ಫೋಟೋ ಕೇಳಿದರು. ವೆಂಟಿನ ಮೇಲೆ ನಾವೇ ಹಚ್ಚಿದ ಟೇಪ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಆ ಜನವರಿಯಿಂದ ಮಾಡುತ್ತಿರುವುದನ್ನು ಹೇಳುತ್ತೇನೆ. ಮನೆ ಬದಲಾದರೂ ಕ್ರಮ ಬದಲಾಗಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಎದುರುಬದುರು ಎರಡು ಕಿಟಕಿ ಪೂರ್ತಿ ತೆಗೆಯುತ್ತೇನೆ, ಹತ್ತು ನಿಮಿಷ. ಆಗ ಹೀಟಿಂಗ್ ಹಾಕಿರುವುದಿಲ್ಲ. ಬಿಸಿ ಎಲ್ಲ ಹೋಗುತ್ತದೆ ಅಂತ ಭಯಪಡಬೇಡಿ. ಹೋಗುವುದು ಗಾಳಿಯ ಬಿಸಿ ಮಾತ್ರ, ಅದು ತೀರಾ ಸ್ವಲ್ಪ. ಗೋಡೆ, ಮಂಚ, ಸಾಮಾನಿನಲ್ಲಿರುವ ಬಿಸಿ ಹತ್ತು ನಿಮಿಷದಲ್ಲಿ ಹೋಗುವುದಿಲ್ಲ. ಅಡುಗೆಗೆ ಮುಚ್ಚಳ, ಫ್ಯಾನು. ಸ್ನಾನವಾದ ಮೇಲೂ ಬಚ್ಚಲಿನ ಬಾಗಿಲು ಹಾಕಿ ಫ್ಯಾನು ಓಡಲಿ. ಅಂಥ ಫ್ಯಾನಿನ ಕರೆಂಟ್ ಲೆಕ್ಕಕ್ಕೇ ಇಲ್ಲ. ತೇವ ಅಳೆಯುವ ಪುಟ್ಟ ಮೀಟರ್ 10 ಪೌಂಡಿನೊಳಗೆ ಸಿಗುತ್ತದೆ. ಅದು 60 ಪರ್ಸೆಂಟಿನ ಕೆಳಗೆ ಇರಬೇಕು. ಹೀಟರಿಗೆ ಎತ್ತಿಟ್ಟ ದುಡ್ಡಿದ್ದರೆ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಎಳೆದು ನೀರು ಮಾಡಿ ಹಿಡಿದಿಡುವ ಯಂತ್ರ, ತಗೊಳ್ಳಿ. ಬಟ್ಟೆ ಹರವಿದ ಕೋಣೆಯ ಬಾಗಿಲು ಹಾಕಿ ಅದನ್ನು ಓಡಿಸಿ. ಸಾಮಾನ್ಯ ಗಾತ್ರದ್ದಕ್ಕೆ 200 ವಾಟ್ ಆಸುಪಾಸು ಸಾಕು. ಇದರಲ್ಲಿ ಇನ್ನೊಂದು ಲಾಭವಿದೆ. ಬಟ್ಟೆ ಒಣಗುವಾಗ ಕೋಣೆಯಿಂದ ಎಳೆದುಕೊಂಡ ಶಾಖ, ಆವಿ ಮತ್ತೆ ನೀರಾಗುವಾಗ ಕೋಣೆಗೇ ವಾಪಸ್ ಬರುತ್ತದೆ. ಲೀಟರಿಗೆ ಸುಮಾರು 0.7 ಯೂನಿಟ್.

ಬೀರು, ಮಂಚ, ಸೋಫಾ ಯಾವುದನ್ನೂ ಹೊರಗೋಡೆಗೆ ಅಂಟಿಸಬೇಡಿ. ಕೈ ಆಡುವಷ್ಟು ಜಾಗ ಬಿಡಿ. ರೇಡಿಯೇಟರ್ ಮುಂದೆ ಸೋಫಾ ಇದ್ದರೆ ಬೆಚ್ಚಗಾಗುವುದು ಸೋಫಾದ ಬೆನ್ನು ಮಾತ್ರ.

ಸಂದು ಮುಚ್ಚುವುದೇ ತಪ್ಪು ಅಂತಲ್ಲ. ಬಾಗಿಲ ಕೆಳಗಿನ ಸಂದು, ಟಪಾಲು ಹಾಕುವ ಕಿಂಡಿ, ನೆಲದ ಹಲಗೆಗಳ ನಡುವಿನ ಬಿರುಕು, ಇವನ್ನು ಮುಚ್ಚಿ. ನೆಲದ ಮೇಲೆ ದಪ್ಪ ಜಮಖಾನ ಹಾಸಿದರೆ ಕಾಲಿಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಗಾಳಿಗಾಗಿಯೇ ಮಾಡಿದ ಕಿಂಡಿ ಮುಚ್ಚಬೇಡಿ. ಗ್ಯಾಸ್ ಬೆಂಕಿ ಅಥವಾ ಬಾಯ್ಲರ್ ಇರುವ ಕೋಣೆಯಲ್ಲಂತೂ ಮುಟ್ಟಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಜೀವಕ್ಕೇ ಅಪಾಯ. ಊರಿನ ಅಗ್ಗಿಷ್ಟಿಕೆಯ ನೆನಪಲ್ಲಿ ಒಳಗೆ ಇದ್ದಿಲು ಉರಿಸುವುದೂ ಬೇಡ.

ಇನ್ನು ಸೆಂಟ್ರಲ್ ಹೀಟಿಂಗ್. ಪೂರ್ತಿ ಬಂದ್ ಮಾಡಿದರೆ ಗೋಡೆ ತಣ್ಣಗಾಗಿ ತೇವಕ್ಕೆ ಮನೆ ಮಾಡಿಕೊಟ್ಟ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 18 ಡಿಗ್ರಿ. ನಮ್ಮ ಥರ್ಮೋಸ್ಟಾಟ್ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಅಷ್ಟಕ್ಕೇ ನಿಲ್ಲುತ್ತದೆ. ಮಗು ಮಲಗುವ ಕೋಣೆಗೆ ಇಲ್ಲಿನವರು 16ರಿಂದ 20 ಡಿಗ್ರಿ ಸಾಕು ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಬಿಸಿಯೂ ಕೂಸಿಗೆ ಒಳ್ಳೆಯದಲ್ಲ. ದೊಡ್ಡವರಿಗೆ ಬೆಚ್ಚಗೆ ಬೇಕಾದರೆ ಮನೆಯ ಗಾಳಿಗಿಂತ ಮೈಯನ್ನು ಬಿಸಿ ಮಾಡುವುದು ಅಗ್ಗ. ಒಳಗೆ ಥರ್ಮಲ್, ಮೇಲೆ ಉಣ್ಣೆ ಸ್ವೆಟರ್, ಕಾಲುಚೀಲ. ಹೊದ್ದುಕೊಂಡು ಕೂರುವ ಎಲೆಕ್ಟ್ರಿಕ್ ಹೊದಿಕೆ ಎಳೆಯುವುದು 100 ವಾಟ್ ಆಸುಪಾಸು. ಇಡೀ ಸಂಜೆ ಹೊದ್ದರೂ ಅರ್ಧ ಯೂನಿಟ್ ಆಗುವುದಿಲ್ಲ. ಪುಟ್ಟ ಮಕ್ಕಳಿಗೆ ಮಾತ್ರ ಅದು ಬೇಡವೇ ಬೇಡ. ಅತ್ತೆ ಅದನ್ನು ಒಂದು ದಿನ ಹೊದ್ದು ತೆಗೆದಿಟ್ಟು, ಊರಿಂದ ತಂದ ಕಂಬಳಿಯಲ್ಲೇ ಚಳಿಗಾಲ ಮುಗಿಸಿದರು. ಕಂಬಳಿಯಂಥ ವಸ್ತು ಇನ್ನೊಂದಿಲ್ಲ ಅಂತ ನಾನೂ ಒಪ್ಪುತ್ತೇನೆ.

ಮನೆ ಮಾಲೀಕರಿಗೆ ಹೇಳುವುದಕ್ಕೆ ಸಂಕೋಚ ಬೇಡ. ಮನೆ ಎಷ್ಟು ಇಂಧನ ಉಳಿಸುತ್ತದೆ ಅಂತ ಎ ಯಿಂದ ಜಿ ವರೆಗೆ ದರ್ಜೆ ಕೊಡುವ ಪತ್ರಕ್ಕೆ ಇಪಿಸಿ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಇಪಿಸಿ ದರ್ಜೆ ಇ ಗಿಂತ ಕೆಳಗಿನ ಮನೆಯನ್ನು, ವಿನಾಯಿತಿ ಪಡೆದಿದ್ದರೆ ಹೊರತು, ಬಾಡಿಗೆಗೆ ಕೊಡುವಂತಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಮನೆಯ ದರ್ಜೆ ಕಾಣುತ್ತದೆ, ಅಟ್ಟದಲ್ಲಿ ಇನ್ಸುಲೇಷನ್ ಎಷ್ಟಿದೆ ಅನ್ನುವುದೂ ಅದರಲ್ಲಿರುತ್ತದೆ. ಈಗ ಸಲಹೆ ಮಾಡುವುದು 270 ಮಿಲಿಮೀಟರ್. ತೇವ ಕಂಡ ದಿನವೇ ಫೋಟೋ ತೆಗೆದು ಬರಹದಲ್ಲಿ ತಿಳಿಸಿ. ಬಾಯಿಮಾತು ಆಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ.

ಕೊನೆಗೆ ಒಂದು ಪೈಸೆ ಖರ್ಚಿಲ್ಲದ ಕೆಲಸ. ಬಾಯ್ಲರ್ ಮೇಲೆ ನಲ್ಲಿಯ ಚಿತ್ರ, ರೇಡಿಯೇಟರಿನ ಚಿತ್ರ ಅಂತ ಎರಡು ಗುಂಡಿ ಇರುತ್ತವೆ. ರೇಡಿಯೇಟರಿನದು ಸಾಮಾನ್ಯವಾಗಿ 70, 80 ಡಿಗ್ರಿಯಲ್ಲಿ ಇರುತ್ತದೆ. ಅದನ್ನು 60ಕ್ಕೆ ಇಳಿಸಿ. ಈಗಿನ ಬಾಯ್ಲರ್‌ಗಳು ಹೊಗೆಯಲ್ಲಿರುವ ಆವಿಯ ಶಾಖವನ್ನೂ ಹಿಡಿಯುತ್ತವೆ, ಆದರೆ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ. ರೇಡಿಯೇಟರ್ ಮುಟ್ಟಿದರೆ ಮೊದಲಿನಷ್ಟು ಸುಡುವುದಿಲ್ಲ, ಕೋಣೆ ಬೆಚ್ಚಗಾಗಲು ಹೊತ್ತು ಜಾಸ್ತಿ ಬೇಕು, ಗ್ಯಾಸ್ ಮಾತ್ರ ಕಡಿಮೆ ಉರಿಯುತ್ತದೆ. ಇದು ನಲ್ಲಿಗೆ ನೇರ ಬಿಸಿನೀರು ಕೊಡುವ ಕಾಂಬಿ ಬಾಯ್ಲರಿಗೆ ಹೇಳಿದ್ದು. ನಿಮ್ಮಲ್ಲಿ ಬಿಸಿನೀರು ತುಂಬಿಡುವ ಸಿಲಿಂಡರ್ ಇದ್ದರೆ ಆ ನೀರು 60 ಡಿಗ್ರಿ ಮುಟ್ಟಲೇಬೇಕು, ಇಲ್ಲದಿದ್ದರೆ ಅದರಲ್ಲಿ ಲೀಜನೆಲ್ಲಾ ಅನ್ನುವ ರೋಗಾಣು ಬೆಳೆಯುತ್ತದೆ. ನಿಮ್ಮದು ಯಾವುದು ಅಂತ ಗೊತ್ತಾಗದಿದ್ದರೆ ಬಾಯ್ಲರಿನ ಮಾಡೆಲ್ ನಂಬರ್ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.