ಗ್ರೀನ್ ಕಾರ್ಡ್ ಸಾಲು ಕರಗಲು ಯಾವ ಪಕ್ಷ ಬರಬೇಕು?

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿದ್ದಾನೆ. ಅಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿಗೆ ವರ್ಷಗಳಿಂದ ಕಾಯುತ್ತಿದ್ದಾನೆ. ವಲಸೆ ಕಾನೂನು ಸರಿಯಾಗಬೇಕು ಅಂತ ಅಲ್ಲಿನ ಎರಡೂ ಪಕ್ಷಗಳು ಹೇಳುತ್ತವೆ. ಮತ್ತೆ ಜಗಳ ಯಾತಕ್ಕೆ? ಯಾರು ಗೆದ್ದರೆ ಅವನ ಸರದಿ ಬೇಗ ಬರುತ್ತದೆ?

ಉತ್ತರ: ಪಕ್ಷ ಬದಲಾದರೆ ಸಾಲು ಕರಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಜಗಳದ ಮೂಲ ನಿಮ್ಮ ತಮ್ಮನಂಥವರಲ್ಲ. ದಾಖಲೆ ಇಲ್ಲದೆ ಅಲ್ಲಿ ಬದುಕುತ್ತಿರುವ ಒಂದು ಕೋಟಿಗೂ ಹೆಚ್ಚು ಜನರನ್ನು ಏನು ಮಾಡುವುದು ಅನ್ನುವುದೇ ದೊಡ್ಡ ತಕರಾರು.

ಬಹಳ ವರ್ಷಗಳಿಂದ ಇರುವವರಿಗೆ, ಅದರಲ್ಲೂ ಚಿಕ್ಕಂದಿನಲ್ಲೇ ಬಂದವರಿಗೆ, ಪೌರತ್ವದ ದಾರಿ ಕೊಡಿ ಅನ್ನುತ್ತಾರೆ ಡೆಮಾಕ್ರಾಟರು. ಮೊದಲು ಗಡಿ ಬಿಗಿ ಮಾಡಿ, ದಾಖಲೆ ಇಲ್ಲದವರನ್ನು ವಾಪಸ್ ಕಳಿಸಿ ಅನ್ನುತ್ತಾರೆ ರಿಪಬ್ಲಿಕನ್ನರು. ಮೊದಲೇ ಸಕ್ರಮ ಮಾಡಿಬಿಟ್ಟರೆ ಬಿಗಿ ಕ್ರಮ ಆಮೇಲೆ ಬರುವುದೇ ಇಲ್ಲ ಅನ್ನುವ ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1986ರಲ್ಲಿ ಅವರದೇ ಪಕ್ಷದ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಜನ ಸಕ್ರಮವಾದರು. ದಾಖಲೆ ಇಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವವರಿಗೆ ಬಿಸಿ ಮುಟ್ಟಿಸುತ್ತೇವೆ ಅಂದ ಮಾತು ಮಾತ್ರ ಸರಿಯಾಗಿ ನಡೆಯಲಿಲ್ಲ. ಡೆಮಾಕ್ರಾಟರ ಭಯ ಬೇರೆ: ಗಡಿಯ ಕೆಲಸಕ್ಕೆ ಮೊದಲೇ ಒಪ್ಪಿಬಿಟ್ಟರೆ, ಆಮೇಲೆ ಆ ಜನರ ಬಗ್ಗೆ ಮಾತಾಡುವವರು ಯಾರು?

2013ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿ (ಸೆನೆಟ್) ಎರಡೂ ಕಡೆಯ ನಾಲ್ಕು ನಾಲ್ಕು ಸೆನೆಟರ್‌ಗಳು ಕೂತು ಮಸೂದೆ ಬರೆದರು. ಗಡಿಗೆ ಹೆಚ್ಚು ಕಾವಲು, 13 ವರ್ಷಗಳ ಪೌರತ್ವದ ದಾರಿ, ನಿಮ್ಮ ತಮ್ಮನನ್ನು ಕಾಯಿಸುತ್ತಿರುವ ದೇಶವಾರು ಮಿತಿಗೆ ವಿದಾಯ, ಎಲ್ಲವೂ ಅದರಲ್ಲಿತ್ತು. ಸೆನೆಟ್‌ನಲ್ಲಿ 68-32 ಮತಗಳಿಂದ ಗೆದ್ದಿತು. ರಿಪಬ್ಲಿಕನ್ನರ ಕೈಯಲ್ಲಿದ್ದ ಕೆಳಮನೆ, ಅಂದರೆ ಪ್ರತಿನಿಧಿ ಸಭೆಯಲ್ಲಿ ಮತಕ್ಕೇ ಬರಲಿಲ್ಲ. ಪೌರತ್ವದ ಜಗಳದಲ್ಲಿ ಉಳಿದದ್ದೂ ಮುಳುಗಿತು. ನನಗೆ ತುಂಬಾ ಬೇಸರ ತರುವ ಸಂಗತಿ ಇದೇ.

ಇನ್ನು ಆ ಮಿತಿ. ಉದ್ಯೋಗದ ಮೇಲೆ ವರ್ಷಕ್ಕೆ ಸಿಗುವ ಗ್ರೀನ್ ಕಾರ್ಡ್ ಸುಮಾರು 1,40,000. ಹೆಂಡತಿ, ಗಂಡ, ಮಕ್ಕಳೂ ಈ ಲೆಕ್ಕದಲ್ಲೇ ಸೇರುತ್ತಾರೆ. ಅದರಲ್ಲಿ ಒಂದು ದೇಶದವರಿಗೆ ಮಿತಿ 7%. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ. ಇಲ್ಲಿ ಪಕ್ಷದ ಗೆರೆ ಅಳಿಸಿಹೋಗುತ್ತದೆ. 2019ರಲ್ಲಿ ಈ ಮಿತಿ ತೆಗೆಯುವ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ 365 ಮತ ಬಿತ್ತು, ವಿರೋಧ 65. ಸೆನೆಟ್‌ನಲ್ಲಿ ಅದರ ಪರ ಓಡಾಡಿದವರು ರಿಪಬ್ಲಿಕನ್ ಮೈಕ್ ಲೀ. ಒಟ್ಟು ಸಂಖ್ಯೆ ಹೆಚ್ಚಿಸದಿದ್ದರೆ ಬೇರೆ ದೇಶದವರು ಜಾಸ್ತಿ ಕಾಯಬೇಕಾಗುತ್ತದೆ ಅಂತ ತಡೆದವರು ಡೆಮಾಕ್ರಾಟ್ ಡಿಕ್ ಡರ್ಬಿನ್. 2020ರ ಡಿಸೆಂಬರಿನಲ್ಲಿ ಸೆನೆಟ್ ಒಪ್ಪಿದ್ದು ಬೇರೆ ರೂಪವನ್ನು. ಎರಡನ್ನೂ ಹೊಂದಿಸುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು.

ಅಧ್ಯಕ್ಷರು ಬದಲಾದಾಗ ಆದೇಶಗಳು ಬದಲಾಗುತ್ತವೆ. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಹೇರಿದ್ದು ಹಾಗೆಯೇ. ಆದರೆ 7% ಬದಲಾಗಬೇಕಾದರೆ ಸಂಸತ್ತೇ ಮನಸ್ಸು ಮಾಡಬೇಕು.

ತಮ್ಮನಿಗೆ ಮಕ್ಕಳಿದ್ದಾರಾ? ಹಾಗಿದ್ದರೆ ಚುನಾವಣೆಗಿಂತ ಅವರ ವಯಸ್ಸಿನ ಕಡೆ ಗಮನ ಕೊಡಿ. 21 ತುಂಬಿದರೆ ಅಪ್ಪನ ವೀಸಾದ ಆಸರೆ ತಪ್ಪುತ್ತದೆ. ಗ್ರೀನ್ ಕಾರ್ಡಿನ ಮಟ್ಟಿಗೆ, ಕಂಪನಿ ಹಾಕಿದ ಅರ್ಜಿ ತೀರ್ಮಾನವಾಗಲು ಹಿಡಿದ ದಿನಗಳನ್ನು ವಯಸ್ಸಿನಿಂದ ಕಳೆಯಲು 2002ರ ಕಾನೂನೊಂದು ಬಿಡುತ್ತದೆ. ಆ ಲೆಕ್ಕವನ್ನು ಅಲ್ಲಿನ ವಲಸೆ ವಕೀಲರ ಹತ್ತಿರ ಈಗಲೇ ಹಾಕಿಸಲು ಹೇಳಿ.