ಸಂಪಾದಕರ ಉತ್ತರ: ಕೇಳಿ ಹಾಕಿಸಿಕೊಳ್ಳಮ್ಮ

ಪ್ರಿಯ ತಂಗಿ,

ಅಕ್ಕ ಅಂತ ಕರೆದು ಬರೆದಿದ್ದೀಯ, 'ನೀನು' ಅಂತಲೇ ಉತ್ತರ ಬರೆಯಿರಿ ಅಂತಲೂ ಕೇಳಿದ್ದೀಯ. ಹಾಗೇ ಆಗಲಿ. ತುಮಕೂರಿನಲ್ಲಿ ಕೂತು ಜರ್ಮನಿಯ ಒಂದು ಮನೆಯ ಬಗ್ಗೆ ಏನು ಹೇಳುವುದು ಅಂತ ಮೊದಲು ಅನ್ನಿಸಿತು. ಆದರೆ ನಿನ್ನ ಸಂಕಟ ನನಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಅದಕ್ಕೇ ಈ ಸಲದ ಜಾಗವೆಲ್ಲ ನಿನಗೆ.

ಬೇರೆ ಓದುಗರಿಗಾಗಿ ನಿನ್ನ ಪತ್ರದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಶ್ರೀನಿವಾಸಪುರದ ಹತ್ತಿರದ ಹಳ್ಳಿಯ ಹುಡುಗಿ, ಅಕ್ಟೋಬರ್‌ನಲ್ಲಿ ಎಂ.ಎಸ್‌ಸಿ. ಓದಲು ಕಲೋನ್‌ಗೆ ಹೋಗಿದ್ದಾಳೆ. ಅಲ್ಲಿ 78 ವರ್ಷದ ಒಬ್ಬ ಅಜ್ಜಿಯ ಮನೆಯಲ್ಲಿ 15 ಚದರ ಮೀಟರಿನ ರೂಮು, ಬಾಡಿಗೆಯ ಬದಲು ಅಜ್ಜಿಗೆ ಮನೆಕೆಲಸದಲ್ಲಿ ನೆರವು. ಅಡುಗೆ ಮಾಡಿದರೆ ಅಜ್ಜಿ ಆ ಚಳಿಯಲ್ಲೂ ಕಿಟಕಿಗಳನ್ನೆಲ್ಲ ತೆಗೆದುಬಿಡುತ್ತಾರೆ. ಭಾನುವಾರ ವಾಷಿಂಗ್ ಮಿಷನ್ ಹಾಕಬೇಡಿ ಅಂದಿದ್ದಾರೆ, ರಾತ್ರಿ ಹತ್ತರ ಮೇಲೆ ಫೋನಿನಲ್ಲಿ ಮಾತು ಬೇಡ ಅಂದಿದ್ದಾರೆ. ಇವಳು ಕಸಕ್ಕೆ ಹಾಕಿದ್ದ ನಾಲ್ಕು ನೀರಿನ ಬಾಟಲಿಗಳನ್ನು ಎತ್ತಿ ತಂದು ಇವಳ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದಾರೆ. "ನಾನು ಒಂದು ದಿನವೂ ಎದುರು ಮಾತಾಡಿಲ್ಲ ಅಕ್ಕ, ಎಲ್ಲಕ್ಕೂ ತಲೆ ಆಡಿಸಿದ್ದೇನೆ, ಆದರೂ ಅವರಿಗೆ ನಾನು ಬೇಕಿಲ್ಲ. ನಮ್ಮ ಕಡೆಯ ನಾಲ್ಕು ಜನ ಸೇರಿ ಮನೆ ಮಾಡಿದ್ದಾರೆ, ಅಲ್ಲಿಗೆ ಹೋಗಿಬಿಡಲಾ?" ಇದು ಪ್ರಶ್ನೆ.

ಈಗಲೇ ಹೋಗಬೇಡ. ಕಾರಣ ಹೇಳುತ್ತೇನೆ, ಆದರೆ ಮೊದಲು ನನ್ನದೊಂದು ಕಥೆ ಕೇಳು.

ನಾನು ಪಾವಗಡದ ಕಡೆಯವಳು. ಪಿಯುಸಿಗೆ ತುಮಕೂರಿಗೆ ಬಂದಾಗ ಅಪ್ಪನ ಪರಿಚಯದವರೊಬ್ಬರ ಮನೆಯಲ್ಲಿ ಎರಡು ವರ್ಷ ಇದ್ದೆ. ಹೊರಡುವಾಗ ಅಮ್ಮ ಹೇಳಿದ್ದು ಒಂದೇ ಮಾತು, "ಇನ್ನೊಬ್ಬರ ಮನೆ, ಬಾಯಿ ಬಿಟ್ಟು ಏನೂ ಕೇಳಬೇಡ." ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಒಂದು ಮುದ್ದೆ ಹಾಕಿದರೆ ಒಂದೇ ತಿಂದು ಏಳುತ್ತಿದ್ದೆ. ಇನ್ನೊಂದು ಹಾಕಲಾ ಅಂದರೆ ಸಾಕು ಅನ್ನುತ್ತಿದ್ದೆ. ಆಮೇಲೆ ರಾತ್ರಿ ಹಸಿವು ತಡೆಯದೆ ಊರಿಂದ ತಂದ ಕಡ್ಲೆಕಾಯಿಯನ್ನು ಹೊದಿಕೆ ಮುಸುಕು ಹಾಕಿಕೊಂಡು ಸುಲಿಯುತ್ತಿದ್ದೆ, ಸಿಪ್ಪೆಯ ಸದ್ದು ಹೊರಗೆ ಕೇಳಬಾರದು ಅಂತ. ಬೆಳಗ್ಗೆ ಆ ಸಿಪ್ಪೆಯನ್ನು ಪುಸ್ತಕದ ಚೀಲದಲ್ಲಿ ಹಾಕಿಕೊಂಡು ಹೋಗಿ ದಾರಿಯಲ್ಲಿ ಚೆಲ್ಲುತ್ತಿದ್ದೆ. ಎರಡು ವರ್ಷ ಮುಗಿದು ಟ್ರಂಕು ಕಟ್ಟುವಾಗ ಆ ಮನೆಯ ಅತ್ತೆ ಬಾಗಿಲಲ್ಲಿ ನಿಂತು, "ನಮ್ಮನೆ ಊಟ ನಿನಗೆ ಕೊನೆಗೂ ಸೇರಲಿಲ್ಲ ಅಲ್ವೇನೆ" ಅಂದರು. ಕಣ್ಣಲ್ಲಿ ನೀರಿತ್ತು. ನಾನು ಮರ್ಯಾದೆ ಅಂದುಕೊಂಡಿದ್ದು ಅವರಿಗೆ ತಿರಸ್ಕಾರವಾಗಿ ಕಂಡಿತ್ತು. ಎಷ್ಟು ವರ್ಷವಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ನಿನ್ನ ಪತ್ರದಲ್ಲಿ "ಎಲ್ಲಕ್ಕೂ ತಲೆ ಆಡಿಸಿದ್ದೇನೆ" ಅನ್ನುವಲ್ಲಿ ನಾನು ನಿಂತುಬಿಟ್ಟೆ. ನಾವು ಸರಿ ಅನ್ನುವುದಕ್ಕೆ ತಲೆಯನ್ನು ಆ ಕಡೆ ಈ ಕಡೆ ತೂಗುತ್ತೇವೆ. ಅಲ್ಲಿಯವರ ಕಣ್ಣಿಗೆ ಅದು 'ಇಲ್ಲ' ಅಂದ ಹಾಗೆ, ಇಲ್ಲವೇ ಏನೂ ಅನ್ನದ ಹಾಗೆ. ಹೇಳಿದ್ದು ನಿನಗೆ ಮುಟ್ಟಿತೋ ಇಲ್ಲವೋ ಪಾಪ ಆ ಅಜ್ಜಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಬಾಯಲ್ಲೇ ಹೇಳು. ಆಯ್ತು ಅಂದರೆ ಆಯ್ತು, ಆಗಲ್ಲ ಅಂದರೆ ಆಗಲ್ಲ. ಅವರು ಹೇಳುವುದನ್ನೂ ಅಷ್ಟಕ್ಕಷ್ಟೇ ತಗೋ. ಕಿಟಕಿ ತೆಗಿ ಅಂದರೆ ಕಿಟಕಿ ತೆಗಿ, ಅಷ್ಟೇ. ಅದರ ಹಿಂದೆ ಇನ್ನೇನು ಚುಚ್ಚುಮಾತು ಇದೆ ಅಂತ ರಾತ್ರಿಯೆಲ್ಲ ಹುಡುಕಬೇಡ.

ಆ ಬಾಟಲಿ ವಿಷಯ ನಿನಗೆ ತುಂಬ ನೋವು ಕೊಟ್ಟಿದೆ ಅಂತ ಕಾಣುತ್ತದೆ, ಎರಡು ಸಲ ಬರೆದಿದ್ದೀಯ. ನನ್ನ ಅಕ್ಕನ ಮಗ ಅಲ್ಲೇ ಓದಿದವನು, ಅವನಿಗೆ ನಿನ್ನ ಪತ್ರ ಓದಿ ಹೇಳಿದೆ. ಅಲ್ಲಿ ನೀರು, ಜ್ಯೂಸಿನ, ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ ಕೊಳ್ಳುವಾಗಲೇ ಒಂದೊಂದಕ್ಕೆ 25 ಸೆಂಟ್ ಠೇವಣಿ ಸೇರಿರುತ್ತದೆ, 'ಫಾಂಡ್' ಅನ್ನುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಮಿಷನ್ನಿಗೆ ಹಾಕಿದರೆ ಚೀಟಿ ಬರುತ್ತದೆ, ಆ ದುಡ್ಡು ವಾಪಸ್. ನಾಲ್ಕು ಬಾಟಲಿಗೆ ಒಂದು ಯೂರೋ. ನಿನ್ನ ದುಡ್ಡು ಕಸಕ್ಕೆ ಬಿದ್ದಿತ್ತು, ಅಜ್ಜಿ ಎತ್ತಿ ನಿನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಒಗೆಯಲು ಹಾಕಿದ ಅಂಗಿ ಜೇಬಿನಲ್ಲಿ ಸಿಕ್ಕ ನೋಟನ್ನು ತೆಗೆದಿಡುವುದಿಲ್ಲವೇ?

ಕಿಟಕಿಯೂ ಅಷ್ಟೇ. ಅಲ್ಲಿಯ ಮನೆಗಳು ಚಳಿಗೆ ಭದ್ರವಾಗಿ ಮುಚ್ಚಿದಂತೆ ಇರುತ್ತವೆ. ಒಳಗಿನ ಹಬೆ ಹೋಗದಿದ್ದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ. ಅದಕ್ಕೆ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆಗೆದಿಡುವುದು ಅವರಿಗೆ ನಾವು ಬಾಗಿಲಿಗೆ ನೀರು ಹಾಕುವಷ್ಟೇ ಸಹಜ. ನೀನು ಬರುವ ಮೊದಲೂ ತೆಗೆಯುತ್ತಿದ್ದರು. ಹಾಗಂತ ಇಂಗು, ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಅವರಿಗೆ ಕಷ್ಟವೇ ಆಗಿರಬಹುದು, ಇಲ್ಲ ಅನ್ನುವುದಿಲ್ಲ. ಕೇಳಿಬಿಡು. "ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಅಡುಗೆ ಮಾಡಿದರೆ ನಿಮಗೆ ಅನುಕೂಲ?" ಅಂತ. ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ನೀನೇ ಮೊದಲು ತೆಗಿ.

ಭಾನುವಾರ ಅಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ. ಸದ್ದಿಲ್ಲದ ದಿನ ಅದು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೂ ಹಾಗೆಯೇ. ಎಷ್ಟೋ ಕಟ್ಟಡಗಳ ನಿಯಮದಲ್ಲೇ ಇದು ಬರೆದಿರುತ್ತದೆ. ಅಮ್ಮ ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದು ಆರು ಗಂಟೆಗೆ ಫೋನ್ ಮಾಡುತ್ತಾರೆ ಅಂದೆಯಲ್ಲ, ಈ ಚಳಿಗಾಲದಲ್ಲಿ ಆಗ ಅಲ್ಲಿ ರಾತ್ರಿ ಒಂದೂವರೆ! ಅಮ್ಮನಿಗೆ ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಮಾಡಲು ಹೇಳು. ನಿನಗೆ ಆಗ ಸಂಜೆ ನಾಲ್ಕೂವರೆ, ಡಿಸೆಂಬರ್‌ನಲ್ಲಿ ಕತ್ತಲು ಕವಿಯುವ ಹೊತ್ತು. ಮನೆಯವರ ದನಿ ಹೆಚ್ಚು ಬೇಕಾಗುವುದೂ ಆಗಲೇ.

ಇನ್ನು ಬಹುವಚನ. ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ ಎರಡಿದೆ, 'ಡೂ' ಅಂದರೆ ನೀನು, 'ಜೀ' ಅಂದರೆ ನೀವು. ಅಜ್ಜಿ ನಿನ್ನನ್ನು ಇನ್ನೂ 'ಜೀ' ಅನ್ನುತ್ತಿದ್ದಾರೆ, ಅದು ದೂರ ಇಟ್ಟ ಹಾಗೆ ಅನ್ನಿಸುತ್ತಿದೆ ನಿನಗೆ. ಅಲ್ಲಿ ದೊಡ್ಡವರನ್ನು, ಪರಿಚಯ ಗಟ್ಟಿಯಾಗುವ ತನಕ, ಸಾಮಾನ್ಯವಾಗಿ ಹಾಗೇ ಕರೆಯುತ್ತಾರೆ. ಅವರಿಗೆ ನೀನು ಲೆಕ್ಕಕ್ಕಿರುವ ದೊಡ್ಡ ಹೆಂಗಸು. ಇನ್ನು ಮೇಲೆ 'ಡೂ' ಅನ್ನೋಣ ಅಂತ ಹೇಳುವುದು ಹಿರಿಯರು, ಅದನ್ನು ಬಾಯಿಬಿಟ್ಟೇ ಹೇಳುತ್ತಾರೆ. ಆ ದಿನ ಬಂದರೆ ನನಗೊಂದು ಸಾಲು ಬರೆ.

ದುಡ್ಡಿನ ಮಾತೂ ಇದೆ. ಬಾಡಿಗೆ ಬದಲು ಕೆಲಸ ಅನ್ನುವ ಈ ಏರ್ಪಾಡು ಕಲೋನ್, ಫ್ರೈಬುರ್ಗ್ ಮುಂತಾದ ಊರುಗಳಲ್ಲಿ ಇದೆ. ಒಂದು ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆ ನೆರವು, ಜೊತೆಗೆ ಕರೆಂಟು, ನೀರು, ಹೀಟರಿನ ಖರ್ಚಿನಲ್ಲಿ ಪಾಲು. ವೀಸಾಕ್ಕೆ ಅಪ್ಪ ಬ್ಲಾಕ್ಡ್ ಅಕೌಂಟಿಗೆ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಗೆ, 11,904 ಯೂರೋ ಕಟ್ಟಿದ್ದಾರೆ, ತಿಂಗಳಿಗೆ ನಿನ್ನ ಕೈಗೆ ಬರುವುದು 992. ಅದರಲ್ಲಿ ಬಾಡಿಗೆ ಉಳಿಯುವುದು ಸಣ್ಣ ವಿಷಯ ಅಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನದ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಉಂಡು ಓದಿದರು, ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು. ಅದರಲ್ಲಿ ನಾಚಿಕೆ ಏನಿತ್ತು? ಆದರೆ ಲೆಕ್ಕ ಇಡು. 15 ಗಂಟೆ ಅಂದರೆ 15 ಗಂಟೆ, ಪುಸ್ತಕದಲ್ಲಿ ತಾರೀಖು ಹಾಕಿ ಬರೆ, ಅಜ್ಜಿಗೂ ತೋರಿಸು. ರೋಗಿಯ ಆರೈಕೆ ಈ ಒಪ್ಪಂದದಲ್ಲಿ ಸೇರಿಲ್ಲ. ದಿನಾ ಹೆಚ್ಚು ದುಡಿಸಿಕೊಂಡರೆ, ರೂಮಿಗೆ ಹೇಳದೆ ನುಗ್ಗಿದರೆ, ಅವಮಾನದ ಮಾತಾಡಿದರೆ, ಸಹಿಸಿಕೊಂಡು ಇರಬೇಡ. ನಿನ್ನನ್ನು ಸೇರಿಸಿದ ಕಚೇರಿಗೆ ಹೋಗಿ ನೇರವಾಗಿ ಹೇಳು. ಆಗ ಮನೆ ಬದಲಾಯಿಸು, ನಾನೇ ಹೇಳುತ್ತೇನೆ. ಬದಲಾಯಿಸಿದರೆ ಎರಡು ವಾರದೊಳಗೆ ಹೊಸ ವಿಳಾಸ ನೋಂದಾಯಿಸಬೇಕು, ನೆನಪಿರಲಿ. ನೀನು ಬರೆದಿರುವುದರಲ್ಲಿ ಅಂಥದ್ದು ಒಂದೂ ಇಲ್ಲ. ನಮ್ಮವರ ಮನೆಗೆ ಶನಿವಾರ ಹೋಗಿ ಬಾ, ಬೇಕಾದಷ್ಟು ಕನ್ನಡ ಮಾತಾಡಿ ಬಾ.

ಅಮ್ಮ ಯಾರ ಕೈಲೋ ತುಪ್ಪ, ಬೇಸಿಗೆಗೆ ತೋಟದ ಮಾವಿನಹಣ್ಣು ಕಳಿಸುತ್ತಾರಂತೆ. ತಡೆ. ಹಾಲಿನ ಪದಾರ್ಥವನ್ನು ಹೊರದೇಶದಿಂದ ಹಾಗೆ ಒಯ್ಯಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ. ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಶ್ರೀನಿವಾಸಪುರದ ಹಣ್ಣು ಏರ್‌ಪೋರ್ಟಿನ ಕಸಕ್ಕೆ ಬೀಳಬಾರದು. ರಾಗಿ ಹಿಟ್ಟು, ಚಟ್ನಿಪುಡಿ ತರಿಸಿಕೋ.

ಹಿಟ್ಟು ಬಂದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅಜ್ಜಿಯನ್ನು ಕೇಳಿ ಅಡುಗೆ ಮಾಡು. ಸಂಜೆ ಬೇಡ, ಅವರ ಬಿಸಿ ಊಟ ಮಧ್ಯಾಹ್ನದ್ದು, ಸಂಜೆಯ ಬ್ರೆಡ್ಡು ಚೀಸು ಅವರ ಪದ್ಧತಿ. ಅಲ್ಲಿ ಸಿಗುವ ಪಾಲಕ್ ಸೊಪ್ಪಿನಲ್ಲೇ ಬಸ್ಸಾರು ಆಗುತ್ತದೆ, ಖಾರ ಅರ್ಧಕ್ಕೆ ಇಳಿಸು. ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟು. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ನೀನೇ ಎದುರಿಗೆ ಕೂತು ತೋರಿಸಿಕೊಡು. ಅವರು ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡ. ನಿನಗೆ ಮಾತ್ರ ಇನ್ನೊಂದು ಹಾಕಿಕೋ.

ನಿನ್ನ ಅಕ್ಕ,
ಸಂಪಾದಕಿ, ತುಮಕೂರು